ಭಕ್ತಿ ನಿಜವೋ ತೋರಿಕೆಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಬೆಳಗಿನ ಹೊತ್ತು ಒಂದಿಷ್ಟು ಜನಕ್ಕೆ ಪ್ರಾಣಾಯಾಮ, ಧ್ಯಾನ ಹೇಳಿಕೊಡುತ್ತೇನೆ. ಗುರು ಗಿರು ಅಂತ ಕರೆಯಬೇಡಿ, ಹೇಳಿಕೊಡುವವನು ಅಷ್ಟೇ. ಆಸನದ ಬಗ್ಗೆ ಕೇಳುವವರು ಕಡಿಮೆ. ಎಲ್ಲ ಮುಗಿದು ಚಾಪೆ ಮಡಚುವಾಗ ಮೆಲ್ಲಗೆ ಹತ್ತಿರ ಬಂದು ಕೇಳುವ ಪ್ರಶ್ನೆಯೇ ಬೇರೆ: "ನಾನು ಮಾಡ್ತಿರೋದು ನಿಜಾನಾ, ಇಲ್ಲ ಸುಮ್ನೆ ನಾಟಕಾನಾ?" ಶಿರಸಿ, ಕುಮಟಾ, ಅಂಕೋಲಾದಿಂದ ಫೋನ್ ಮಾಡುವವರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತಾರೆ. ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಒಪ್ಪದಿದ್ದರೆ ಜಗಳ ಮಾಡಿ, ಪರವಾಗಿಲ್ಲ.

ಜಪ ಮಾಡುವಾಗ ಮನಸ್ಸೇ ಇರುವುದಿಲ್ಲ, ಬಾಯಿ ಮಾತ್ರ ಆಡುತ್ತದೆ. ಇದು ಬೂಟಾಟಿಕೆ ಅಲ್ವಾ?

ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಎಷ್ಟೋ ಜನ ಜಪ ಬಿಟ್ಟುಬಿಡುವುದೇ ಈ ಒಂದು ಅನುಮಾನಕ್ಕೆ. ಮನಸ್ಸು ಓಡುತ್ತದೆ, ಅದರ ಜಾಯಮಾನವೇ ಅದು. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಇದನ್ನೇ ಕೃಷ್ಣನ ಹತ್ತಿರ ತೋಡಿಕೊಳ್ಳುತ್ತಾನೆ, ಗಾಳಿಯನ್ನು ಹಿಡಿದಿಡುವುದೂ ಒಂದೇ, ಈ ಮನಸ್ಸನ್ನು ಹಿಡಿದಿಡುವುದೂ ಒಂದೇ ಅಂತ. ಕೃಷ್ಣ ಅವನನ್ನು ಡೋಂಗಿ ಅಂತ ಬೈಯುವುದಿಲ್ಲ. ಹೌದಪ್ಪ, ಕಷ್ಟವೇ, ಅಭ್ಯಾಸ ಮಾಡು ಅನ್ನುತ್ತಾನೆ.

ಬೆಳಿಗ್ಗೆ ಎದ್ದು, ಮಿಂದು, ಕಣ್ಣಲ್ಲಿ ನಿದ್ದೆ ಇಟ್ಟುಕೊಂಡೇ, ಅಡಿಕೆ ರೇಟು ಇವತ್ತು ಎಷ್ಟಾಯ್ತೋ ಅಂತ ಯೋಚಿಸುತ್ತಲೇ ನೂರೆಂಟು ಮಣಿ ಮುಗಿಸಿದವರು ಅಲ್ಲಿ ಕೂತಿದ್ದಂತೂ ನಿಜ. ಬೇಕಾದರೆ ಅದನ್ನು ಕಾಟಾಚಾರ ಅನ್ನಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಕಾಟಾಚಾರಕ್ಕೆ ನೋಡುವವರು ಬೇಕಾಗಿಲ್ಲ. ತೋರಿಕೆಗೆ ಬೇಕು.

ಹಾಗಾದರೆ ತೋರಿಕೆ ಅಂದ್ರೆ ಯಾವುದು? ಗುರುತು ಹಿಡಿಯುವುದು ಹೇಗೆ?

ನನ್ನ ಲೆಕ್ಕ ಸರಳ. ಮಾಡಿದ್ದು ಎಷ್ಟು, ಹೇಳಿಕೊಂಡದ್ದು ಎಷ್ಟು? ಇವೆರಡರ ಅಂತರ ಜಾಸ್ತಿ ಆದಷ್ಟೂ ತೋರಿಕೆ ಜಾಸ್ತಿ. ಭಾವ ಎಷ್ಟು ಉಕ್ಕಿತು, ಕಣ್ಣಲ್ಲಿ ನೀರು ಬಂತಾ, ಮೈ ಜುಮ್ ಅಂತಾ, ಇದನ್ನೆಲ್ಲ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತು ನಿಮಿಷ ಕೂತು, ಹತ್ತು ನಿಮಿಷ ಕೂತೆ ಅಂದರೆ ಮುಗೀತು. ಹತ್ತು ನಿಮಿಷ ಕೂತು, ಅದರಲ್ಲಿ ಎಂಟು ನಿಮಿಷ ತೂಕಡಿಸಿ, ಮಧ್ಯಾಹ್ನ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ "ನಾನು ದಿನಾ ಬ್ರಾಹ್ಮೀ ಮುಹೂರ್ತದಲ್ಲಿ ಒಂದು ತಾಸು ಧ್ಯಾನಕ್ಕೆ ಕೂರ್ತೇನೆ, ಅದಿಲ್ಲದೆ ದಿನವೇ ಶುರುವಾಗಲ್ಲ" ಅಂದರೆ ತೊಂದರೆ ಅಲ್ಲಿಂದ ಶುರು.

ಇದು ಫೋನ್ ಬಂದ ಮೇಲೆ ಹುಟ್ಟಿದ ಕಾಯಿಲೆ ಅಂತ ತಿಳಿಯಬೇಡಿ. 16ನೇ ಶತಮಾನದಲ್ಲೇ ಪುರಂದರದಾಸರು 'ಉದರ ವೈರಾಗ್ಯ' ಅಂತ ಇಂಥವರನ್ನು ಜಾಡಿಸಿದ್ದಾರೆ. ಬೆಳಗಿನ ಜಾವ ಗಡಗಡ ನಡುಗುತ್ತ ಹೊಳೆಯಲ್ಲಿ ಮಿಂದು, ಅಕ್ಕಪಕ್ಕದವರು ಬೆರಗಾಗಲಿ ಅಂತ ಬೀಗುವವರು. ಒಂದು ಗಮನಿಸಿ. ಆ ಮನುಷ್ಯ ಮಿಂದದ್ದು ಸುಳ್ಳಲ್ಲ, ಚಳಿಯೂ ಸುಳ್ಳಲ್ಲ. ಒಳಗಿನ ಮದ, ಮತ್ಸರ, ಸಿಟ್ಟು ಇದ್ದಲ್ಲೇ ಇದೆ, ಮಿಂದದ್ದನ್ನು ಮಾತ್ರ ಎತ್ತಿ ತೋರಿಸುತ್ತಿದ್ದಾನೆ. ದಾಸರಿಗೆ ಸಿಟ್ಟು ಬಂದದ್ದು ಅದಕ್ಕೆ.

ಏಕಾದಶಿ ಉಪವಾಸದ ಕತೆಯೂ ಇದೇ. ಅನ್ನ ಬಿಟ್ಟಿದ್ದೇವೆ ಅಂತ ಊರಿಗೆಲ್ಲ ಹೇಳಿ, ಸಾಬಕ್ಕಿ ವಡೆ, ಬಾಳೆಹಣ್ಣಿನ ರಸಾಯನ, ಅವಲಕ್ಕಿ, ಮೇಲೊಂದು ಲೋಟ ಕಷಾಯ. ತಿನ್ನಿ, ಯಾರು ಬೇಡ ಅಂದರು? "ಇವತ್ತು ತಿಂಡಿ ಬದಲಾಯಿಸಿದ್ದೇವೆ" ಅಂದರೆ ಸಾಕಿತ್ತು.

ಪೂಜೆಯ ಫೋಟೋ ಸ್ಟೇಟಸ್‌ಗೆ ಹಾಕಬಾರದಾ?

ಹಾಕಿ. ನಾನೂ ಹಾಕುತ್ತೇನೆ. ಚೌತಿಗೆ ಗಣಪತಿಯ ಮೇಲೆ ಫಲಾವಳಿ (ಹಣ್ಣು ಕಾಯಿಗಳ ಚಪ್ಪರ) ಚೆಂದ ಕಟ್ಟಿದ್ದರೆ, ಮುಂಬೈಯಲ್ಲಿ ರಜೆ ಸಿಗದೆ ಕೂತ ತಂಗಿಗೆ ತೋರಿಸದೆ ಇರುವುದು ಎಂಥ ವೈರಾಗ್ಯ ಮಾರಾಯ್ರೆ?

ಪೂಜೆಯೇ ಕ್ಯಾಮೆರಾಕ್ಕೆ ಕಾಯುತ್ತ ನಿಂತಾಗ ಮಾತ್ರ ನನಗೆ ಕಸಿವಿಸಿ. ಹೋದ ವರ್ಷ ಒಂದು ಮನೆಯ ಚೌತಿಗೆ ಹೋಗಿದ್ದೆ. ಮಂಗಳಾರತಿ ಹೊತ್ತು. ಹರಿವಾಣದಲ್ಲಿ ಕರ್ಪೂರ ಹತ್ತಿದೆ, ಗಂಟೆ ಶುರುವಾಗಿದೆ, ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ. "ಅಪ್ಪಾ, ನಿಲ್ಲು ನಿಲ್ಲು, ಕೈ ಅಡ್ಡ ಬಂತು" ಅಂದ ಮಗ. ಅಪ್ಪ ಹರಿವಾಣವನ್ನು ಗಾಳಿಯಲ್ಲೇ ನಿಲ್ಲಿಸಿದರು. ಗಂಟೆ ನಿಂತಿತು. ಮಗ ಫೋನ್ ತಿರುಗಿಸಿ, ಎರಡು ಹೆಜ್ಜೆ ಹಿಂದೆ ಹೋಗಿ, ತಮ್ಮನನ್ನು ಪಕ್ಕಕ್ಕೆ ತಳ್ಳಿ "ಹಾಂ, ಈಗ" ಅನ್ನುವಷ್ಟರಲ್ಲಿ ಕರ್ಪೂರ ಪೂರ್ತಿ ಉರಿದು ಆರಿಹೋಯಿತು. ಇನ್ನೆರಡು ಬಿಲ್ಲೆ ಹಾಕಿ ಮತ್ತೆ ಹಚ್ಚಿದರು. ಅಜ್ಜಿ ಕಣ್ಣು ತೆರೆದು ಎಲ್ಲರ ಮುಖ ಒಮ್ಮೆ ನೋಡಿದರು, ಎಂತದೂ ಹೇಳಲಿಲ್ಲ. ವಿಡಿಯೋ ಬಹಳ ಚೆಂದ ಬಂದಿತ್ತು, ಸುಳ್ಳು ಹೇಳಬಾರದು.

ನಾನು ಹೇಳುವುದು ಇಷ್ಟೇ. ಆರತಿ ಮುಗಿಯಲಿ, ಆಮೇಲೆ ತೆಗೆಯಿರಿ. ದೇವರು ಎಲ್ಲಿಗೂ ಓಡಿಹೋಗುವುದಿಲ್ಲ, ಫಲಾವಳಿಯೂ ಅಲ್ಲೇ ಇರುತ್ತದೆ.

ಅಂದಹಾಗೆ, ಮುರ್ಡೇಶ್ವರದಲ್ಲಿ ಸೆಲ್ಫಿ ತೆಗೆಯುವವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. 123 ಅಡಿ ಎತ್ತರದ ಶಿವನನ್ನು ಸಮುದ್ರದ ಪಕ್ಕ ಕೂರಿಸಿ, ಗೋಪುರದ ಮೇಲೆ ಹೋಗಲು ಲಿಫ್ಟ್ ಇಟ್ಟ ಮೇಲೆ ಜನ ಫೋಟೋ ತೆಗೆಯದೆ ಇನ್ನೇನು ಮಾಡುತ್ತಾರೆ?

ವಿಭೂತಿ, ಮಾಲೆ, ಕಾವಿ, ಇವೆಲ್ಲ ಯಾಕೆ? ಭಕ್ತಿ ಒಳಗಿದ್ದರೆ ಸಾಲದಾ?

ಈ ಮಾತು ಕೇಳಲು ಚೆಂದ. ಆದರೆ "ಒಳಗಿದೆ" ಅನ್ನುವವರಲ್ಲಿ ಎಷ್ಟೋ ಜನಕ್ಕೆ ಒಳಗೂ ಇರುವುದಿಲ್ಲ, ಹೊರಗೂ ಇರುವುದಿಲ್ಲ. ಹೊರಗಿನ ಗುರುತಿಗೆ ಒಂದು ಕೆಲಸ ಇದೆ.

ಅಯ್ಯಪ್ಪ ಮಾಲೆ ನೋಡಿ. 41 ದಿನ ಕಪ್ಪು ಬಟ್ಟೆ, ಬರಿಗಾಲು, ಎರಡು ಹೊತ್ತು ತಣ್ಣೀರ ಸ್ನಾನ, ಕುಡಿತ ಇಲ್ಲ, ಮೀನು ಮಾಂಸ ಇಲ್ಲ. ಕಾರವಾರದಂಥ ಊರಲ್ಲಿ ಮೀನು ಬಿಡುವುದು ತಮಾಷೆ ಮಾತಲ್ಲ. ಮಾಲೆ ಹಾಕಿದ ದಿನದಿಂದ ಬಸ್ ಕಂಡಕ್ಟರ್ ಕೂಡ "ಸ್ವಾಮಿ, ಮುಂದೆ ಹೋಗಿ" ಅನ್ನುತ್ತಾನೆ. ಊರೆಲ್ಲ ಸ್ವಾಮಿ ಅಂತ ಕರೆಯುವಾಗ ಬಾರಿಗೆ ಹೇಗೆ ಹೋಗುತ್ತೀರಿ? ಒಬ್ಬನ ಸಂಕಲ್ಪವನ್ನು ಹತ್ತು ಜನರ ಕಣ್ಣು ಕಾಯುತ್ತದೆ. ಅದನ್ನು ತೋರಿಕೆ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಮಾಲೆ ತೆಗೆದ ಮರುದಿನವೇ ಬಾಟಲಿ ಹಿಡಿದರೆ? ಹಿಡಿದರು. ಆದರೂ 41 ದಿನ ಅವರ ಮನೆಯಲ್ಲಿ ಗಲಾಟೆ ಇರಲಿಲ್ಲ. ಅದು ಲೆಕ್ಕಕ್ಕಿಲ್ಲವೋ ಅಂತ ಹೆಂಡತಿಯನ್ನು ಕೇಳಿ, ನನ್ನನ್ನು ಕೇಳಬೇಡಿ.

ಪ್ರದರ್ಶನ ಅಂದರೇನೇ ಸುಳ್ಳು ಅಲ್ವಾ?

ಯಕ್ಷಗಾನದ ಊರಲ್ಲಿ ನಿಂತು ಈ ಪ್ರಶ್ನೆ ಕೇಳುತ್ತೀರಲ್ಲ!

ನಮ್ಮ ಕಡೆ ಆಟ, ಅಂದರೆ ಯಕ್ಷಗಾನ, ಆಡಿಸುವುದೇ ಒಂದು ಹರಕೆ. ಮಗು ಆದರೆ, ಕಾಯಿಲೆ ವಾಸಿಯಾದರೆ, ಕೋರ್ಟಿನಲ್ಲಿ ಜಾಗದ ತಕರಾರು ಮುಗಿದರೆ ದೇವರಿಗೆ ಒಂದು ಆಟ. ಗುಣವಂತೆಯ ಕೆರೆಮನೆಯವರು 1934ರಲ್ಲಿ ಕಟ್ಟಿದ ಮೇಳಕ್ಕೆ ಇಟ್ಟದ್ದೇ ಇಡಗುಂಜಿ ಮಹಾಗಣಪತಿಯ ಹೆಸರು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಗಣಪತಿ ಪೂಜೆ ಆಗದೆ ಆಟ ಶುರುವಾಗುವುದಿಲ್ಲ. ಚೌಕಿಯೊಳಗೆ ಒಮ್ಮೆ ಇಣುಕಿ ನೋಡಿ. ಚಾಪೆ ಮೇಲೆ ಕಾಲು ಮಡಚಿ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಕಡ್ಡಿಯಿಂದ ಹಣೆಗೆ ನಾಮ ತಿದ್ದುವವರ ಮುಖದಲ್ಲಿ ಇರುವ ಏಕಾಗ್ರತೆ ಎಷ್ಟೋ ಧ್ಯಾನ ಶಿಬಿರದಲ್ಲಿ ಕಾಣಸಿಗುವುದಿಲ್ಲ. ಗೆಜ್ಜೆ ಕಟ್ಟುವ ಮುಂಚೆ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಆಗ ಯಾವ ಪ್ರೇಕ್ಷಕನೂ ಇಲ್ಲ, ಪಕ್ಕದವರು ತಮ್ಮ ತಮ್ಮ ಬಣ್ಣದಲ್ಲಿ ಮುಳುಗಿರುತ್ತಾರೆ. ಹೊರಗೆ ಬಂದರೆ ಸಾವಿರ ಜನ.

ಅಂದರೆ ಜನ ನೋಡುತ್ತಾರೆ ಅನ್ನುವ ಕಾರಣಕ್ಕೆ ಒಂದು ಕೆಲಸ ಸುಳ್ಳಾಗುವುದಿಲ್ಲ. ವೇಷದವರು ನಾನೇ ಕೃಷ್ಣ ಅಂತ ಮನೆಗೆ ಹೋಗುವುದಿಲ್ಲ. ಬೆಳಿಗ್ಗೆ ಎಣ್ಣೆ ಹಾಕಿ ಬಣ್ಣ ಒರೆಸಿ ಚಾ ಕುಡಿದು ಬಸ್ ಹತ್ತುತ್ತಾರೆ. ವೇಷ ಹಾಕಿದ್ದು ಅವರಿಗೂ ಗೊತ್ತು, ನಮಗೂ ಗೊತ್ತು. ಅದಕ್ಕಿಂತ ನಿಯತ್ತು ಇನ್ನೆಲ್ಲಿದೆ?

ಒಬ್ಬಳೇ ಇದ್ದಾಗ ಕೂರುವುದಕ್ಕೇ ಆಗುವುದಿಲ್ಲ. ಭಜನೆ, ಜಾತ್ರೆ, ಗುಂಪು ಇದ್ದರೆ ಮಾತ್ರ ಹುರುಪು. ನನ್ನದು ಖೊಟ್ಟಿ ಭಕ್ತಿಯಾ?

ಇಲ್ಲ ಕಣ್ರೀ. ಕೆಲವರು ಗುಂಪಿನಲ್ಲೇ ಅರಳುವವರು. ಮನೆಯಲ್ಲಿ ಒಬ್ಬರೇ ಕೂತರೆ ಫ್ರಿಜ್ ಸದ್ದು ಮಾತ್ರ ಕೇಳುತ್ತದೆ.

ಕರಾವಳಿಯ ಕೊಂಕಣಿ ದೇವಸ್ಥಾನಗಳಲ್ಲಿ ಭಜನಾ ಸಪ್ತಾಹ ಆಗುತ್ತದಲ್ಲ, ಏಳು ಹಗಲು ಏಳು ರಾತ್ರಿ ಭಜನೆ ನಿಲ್ಲುವ ಹಾಗಿಲ್ಲ. ಸಂಜೆ ಏಳಕ್ಕೆ ಹೋಗಿ ನೋಡಿ, ನಿಲ್ಲಲು ಜಾಗ ಇರುವುದಿಲ್ಲ, ಒಳ್ಳೆ ಕಂಠದವರೆಲ್ಲ ಆಗಲೇ ಹಾಡುತ್ತಾರೆ, ರೇಷ್ಮೆ ಸೀರೆ, ಮಲ್ಲಿಗೆ, ಎಲ್ಲ. ರಾತ್ರಿ ಮೂರಕ್ಕೆ ಹೋಗಿ. ಪಾಳಿ ಬಂದ ಮೂರ್ನಾಲ್ಕು ಜನ. ದೀಪಕ್ಕೆ ಎಣ್ಣೆ ಹಾಕುವವರೊಬ್ಬರು, ತಾಳ ತಟ್ಟುವವರೊಬ್ಬರು, ಒಬ್ಬರು ಕಂಬಕ್ಕೆ ಒರಗಿಕೊಂಡೇ ಬಾಯಿ ಆಡಿಸುತ್ತಿರುತ್ತಾರೆ. ಸ್ವರ ಎಲ್ಲೋ ಇರುತ್ತದೆ, ತಾಳ ಇನ್ನೆಲ್ಲೋ. ಹೆಸರು ಮಾತ್ರ ನಿಂತಿರುವುದಿಲ್ಲ. ಐದಕ್ಕೆ ಮುಂದಿನ ಪಾಳಿಯವರು ಬಂದು ತಾಳ ಕೈಗೆ ತಗೊಂಡ ಮೇಲೆಯೇ ಇವರು ಏಳುವುದು.

ಸಂಜೆ ಏಳರದ್ದು ತೋರಿಕೆ, ರಾತ್ರಿ ಮೂರರದ್ದು ನಿಜ ಅಂತ ನಾನು ಹೇಳುತ್ತಿಲ್ಲ. ಸಂಜೆಯ ಸಡಗರ ಇಲ್ಲದಿದ್ದರೆ ಆ ಮೂರು ಗಂಟೆ ಪಾಳಿಗೆ ಯಾರೂ ಹೆಸರು ಕೊಡುತ್ತಿರಲಿಲ್ಲ. ಗುಂಪು ಬೇಕಾದರೆ ಗುಂಪಿಗೆ ಹೋಗಿ. ಒಮ್ಮೆ ಮೂರರ ಪಾಳಿಯನ್ನೂ ಕೇಳಿ ತಗೊಳ್ಳಿ.

ಚಕ್ಕಡಿ ಕಟ್ಟಿಕೊಂಡು ಉಳವಿಗೆ ಬರುವವರ ಭಕ್ತಿ ದೊಡ್ಡದಾ, ಕಾರಲ್ಲಿ ಹೋಗಿ ಬರುವವರದ್ದು ಸಣ್ಣದಾ?

ಭರತ ಹುಣ್ಣಿಮೆ ಹೊತ್ತಿಗೆ ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಬಯಲುಸೀಮೆಯಿಂದ ಎತ್ತು ಕಟ್ಟಿಕೊಂಡು ದಿನಗಟ್ಟಲೆ ಕಾಡಿನ ದಾರಿಯಲ್ಲಿ ಬರುವವರನ್ನು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ, ಸರಿ. ಆದರೆ ಅವರ ಮಾತು ಕೇಳಿದ್ದೀರಾ? ಎತ್ತಿಗೆ ನೀರು, ಹುಲ್ಲು, ಕೀಲಿಗೆ ಎಣ್ಣೆ, ಇವತ್ತು ಎಲ್ಲಿ ಬೀಡು ಬಿಡುವುದು. ಚನ್ನಬಸವಣ್ಣನ ಮುಂದೆ ಯಾರ ಭಕ್ತಿ ದೊಡ್ಡದು ಅನ್ನುವ ಚರ್ಚೆ ಕಾರಿನಲ್ಲಿ ಬಂದವರದ್ದೇ.

ಗೋಕರ್ಣದಲ್ಲಿ ವಿದೇಶಿಯರು ಮಣಿಸರ ಹಾಕಿಕೊಂಡು ಓಂ ಬೀಚಿನಲ್ಲಿ ಧ್ಯಾನಕ್ಕೆ ಕೂರುತ್ತಾರಲ್ಲ, ಅದೆಲ್ಲ ಶೋಕಿ ಅಲ್ವಾ?

ಕೆಲವರದ್ದು ಶೋಕಿ. ಕೆಲವರು ಕುಡ್ಲೆ ತೀರದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ, ನಮ್ಮ ಊರಿನವರು ಒಂದು ವಾರವೂ ಹಾಗೆ ಕೂರುವುದಿಲ್ಲ. ಈ ಪ್ರಶ್ನೆ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ. ನೀವು ಕೋಟಿತೀರ್ಥದಲ್ಲಿ ಮಿಂದು, ಗಣಪತಿ ನೋಡಿ, ಮಹಾಬಲೇಶ್ವರನ ಸಾಲಿನಲ್ಲಿ ನಿಂತಾಗ ಮುಂದಿನವರು ಎಷ್ಟು ಹೊತ್ತು ತೆಗೆದುಕೊಂಡರು ಅಂತ ಗೊಣಗಿದ್ದೀರೋ ಇಲ್ಲವೋ?

ಇನ್ನೊಂದು ಮಾತು. ಜೂನ್ 21ರ ಯೋಗ ದಿನಕ್ಕೆ ನಮ್ಮ ಕಡೆ ಧೋ ಅಂತ ಮಳೆ. ಹಾಲ್ ಒಳಗೆ, ಹಿಂದೆ ಬ್ಯಾನರ್, ಎಲ್ಲರದ್ದೂ ವೃಕ್ಷಾಸನದ ಫೋಟೋ. 22ಕ್ಕೆ ಹಾಲಿಗೆ ಬೀಗ. ವಿದೇಶಿಯರ ಶೋಕಿ ಎಣಿಸುವ ಮುಂಚೆ ಇದನ್ನೂ ಸ್ವಲ್ಪ ಎಣಿಸಿಕೊಳ್ಳೋಣ.

ಬೇರೆಯವರಿಗೆ ಧ್ಯಾನದಲ್ಲಿ ಬೆಳಕು ಕಾಣುತ್ತದಂತೆ, ಕಂಪನ ಬರುತ್ತದಂತೆ. ನನಗೆ ಎಂತದೂ ಇಲ್ಲ. ಸುಳ್ಳು ಹೇಳಲೂ ಮನಸ್ಸಿಲ್ಲ.

ಹಾಗಾದರೆ ಹೇಳಬೇಡಿ. "ಎಂತದೂ ಆಗಲಿಲ್ಲ, ಸುಮ್ನೆ ಕೂತಿದ್ದೆ" ಅನ್ನುವುದು ಗುಂಪಿನಲ್ಲಿ ಬಹಳ ಕಷ್ಟದ ಮಾತು. ಒಬ್ಬರು ಬೆಳಕು ಕಂಡೆ ಅಂದರೆ ಮುಂದಿನವರಿಗೆ ಕನಿಷ್ಠ ನೀಲಿ ಚುಕ್ಕೆಯಾದರೂ ಕಾಣಲೇಬೇಕಾಗುತ್ತದೆ. ಮೂರನೆಯವರಿಗೆ ದೇವಿಯೇ ಬರುತ್ತಾಳೆ. ಅದಕ್ಕೇ ನಮ್ಮಲ್ಲಿ ಅನುಭವ ಹಂಚಿಕೊಳ್ಳುವ ಕಾರ್ಯಕ್ರಮ ಇಟ್ಟಿಲ್ಲ. ಮುಗಿದ ಕೂಡಲೇ ಚಾ.

ಕಾರವಾರದ ದಂಡೆಯಲ್ಲಿ ಏಂಡಿ ಬಲೆ ಎಳೆಯುವುದನ್ನು ನೋಡಿರುತ್ತೀರಿ. ಎರಡು ಕಡೆ ಸಾಲಾಗಿ ನಿಂತು ತಾಸುಗಟ್ಟಲೆ ಹಗ್ಗ ಎಳೆದು ಕೊನೆಗೆ ಬುಟ್ಟಿ ತುಂಬದ ದಿನವೂ ಇರುತ್ತದೆ. ಇವತ್ತು ಬಲೆಯನ್ನೇ ಎಳೆಯಲಿಲ್ಲ ಅಂತ ಯಾರೂ ಹೇಳುವುದಿಲ್ಲ. ಬಂದದ್ದು ಎಷ್ಟೋ ಅಷ್ಟು, ಹಂಚಿಕೊಂಡು ಮನೆಗೆ ಹೋಗುತ್ತಾರೆ. ಹಾಗೆಯೇ ಕೂತು ಎದ್ದು ಬನ್ನಿ.

ಮೈಮೇಲೆ ದೇವರು ಬರುವುದು ನಾಟಕವಾ?

ಹೊರಗೆ ನಿಂತು ತೀರ್ಪು ಕೊಡುವ ಗೊಡವೆಗೆ ನಾನು ಹೋಗುವುದಿಲ್ಲ. ನಮ್ಮ ಗ್ರಾಮದೇವತೆಗಳ ಹಬ್ಬದಲ್ಲಿ ಇದು ಹಿಂದಿನಿಂದ ನಡೆದುಬಂದದ್ದು, ಅಲ್ಲಿ ಯಾರು, ಯಾವಾಗ, ಎಲ್ಲಿ ಅನ್ನುವುದಕ್ಕೆ ಕಟ್ಟುಪಾಡು ಇದೆ. ಹಬ್ಬ ಮುಗಿದ ಮೇಲೆ ಆ ಮನುಷ್ಯ ಗದ್ದೆಗೆ ಇಳಿಯುತ್ತಾನೆ, ಇಲ್ಲ ದೋಣಿ ಹತ್ತುತ್ತಾನೆ, ನಮ್ಮ ನಿಮ್ಮ ಹಾಗೆ. ಆದರೆ ಮೈಮೇಲೆ ಬಂದ ದೇವರು ನಿಮ್ಮ ಜಾಗದ ಕಾಗದ ಕೇಳಿದರೆ, ಬಂಗಾರ ಕೇಳಿದರೆ, ಡಾಕ್ಟರ ಮಾತ್ರೆ ನಿಲ್ಲಿಸು ಅಂದರೆ, ಅಲ್ಲಿಂದ ಎದ್ದು ಬನ್ನಿ. ಚಪ್ಪಲಿ ಆಮೇಲೆ ಹುಡುಕಿದರಾಯ್ತು.

ನನಗೆ ನಂಬಿಕೆ ಇಲ್ಲ. ಅಮ್ಮನಿಗೋಸ್ಕರ ಅಪ್ಪನ ಶ್ರಾದ್ಧ ಮಾಡುತ್ತೇನೆ. ಇದು ಅವಳಿಗೆ ಮಾಡುವ ಮೋಸವಾ?

ಈ ಪ್ರಶ್ನೆ ಕೇಳುವ ಹುಡುಗರು ಜಾಸ್ತಿ ಬೆಂಗಳೂರಿನಿಂದ ರಜೆ ಹಾಕಿ ಬಂದವರು. ನನಗೆ ಇವರ ಮೇಲೆ ಪ್ರೀತಿ. ಕೇಳುವಷ್ಟು ನಿಯತ್ತು ಇದೆಯಲ್ಲ.

ರಾತ್ರಿ ಬಸ್ಸಲ್ಲಿ ಬಂದು, ಗೋಕರ್ಣದಲ್ಲಿ ಒದ್ದೆ ಪಂಚೆ ಉಟ್ಟು, ದರ್ಭೆಯ ಪವಿತ್ರ ಹಾಕಿಕೊಂಡು, ಭಟ್ಟರು ಹೇಳಿದ ಹಾಗೆ ಎಳ್ಳು ನೀರು ಬಿಡುವಾಗ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಹೇಳಬೇಕಲ್ಲ. ಮುತ್ತಜ್ಜನ ಹೆಸರು ಗೊತ್ತಿಲ್ಲದೆ ಅಮ್ಮನ ಕಡೆ ತಿರುಗಿ ನೋಡುತ್ತೀರಿ, ಅವಳು ಹಿಂದೆ ಕೂತವಳು ಮೆಲ್ಲಗೆ ಹೇಳಿಕೊಡುತ್ತಾಳೆ. ಪಿಂಡ ಮೇಲೆ ತಲುಪುತ್ತದೋ ಇಲ್ಲವೋ ಅನ್ನುವ ವಾದ ಒಂದು ಕಡೆ ಇರಲಿ. ಅಮ್ಮನಿಗೋಸ್ಕರ ಮಾಡುತ್ತೇನೆ ಅಂತ ನಿಮಗೆ ಸ್ಪಷ್ಟ ಇದೆ. ಅವಳು ಕೇಳಿದರೆ ಹಾಗೇ ಹೇಳಿ, ಕೇಳದಿದ್ದರೆ ಸುಮ್ಮನಿರಿ. ಅಮ್ಮಂದಿರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಮಕ್ಕಳು ನಂಬುತ್ತಾರೆ ಅಂತಲ್ಲ, ಬಂದರಲ್ಲ ಅಂತ ಅವರಿಗೆ ಸಮಾಧಾನ.

ನಂಬಿಕೆ ಇಲ್ಲದವರು ಊರಿಗೆಲ್ಲ ದೊಡ್ಡ ಊಟ ಹಾಕಿಸಿ "ಎಷ್ಟು ಶ್ರದ್ಧೆಯಿಂದ ಮಾಡಿದ ನೋಡಿ" ಅನ್ನಿಸಿಕೊಳ್ಳಲು ಹೊರಟರೆ ಅದು ಬೇರೆ ಸಂಗತಿ.

ಇದು ನಮ್ಮ ಹಿಂದೂಗಳ ಸಮಸ್ಯೆ ಮಾತ್ರವಾ?

ಎಲ್ಲಿ ಪ್ರಾರ್ಥನೆ ಇದೆಯೋ ಅಲ್ಲೆಲ್ಲ ಇದೆ. ಬೈಬಲ್ಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಹೇಳುವುದು ನೇರ: ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊ, ಉಪವಾಸ ಇದ್ದಾಗ ಮುಖ ಬಾಡಿಸಿಕೊಂಡು ತಿರುಗಬೇಡ, ತಲೆಗೆ ಎಣ್ಣೆ ಹಾಕಿ ಮುಖ ತೊಳೆದುಕೊ. ಇಸ್ಲಾಂನಲ್ಲಿ ಜನ ನೋಡಲಿ ಅಂತ ಮಾಡುವ ಆರಾಧನೆಗೆ ರಿಯಾ ಅನ್ನುತ್ತಾರೆ, ಅದನ್ನು ದೊಡ್ಡ ದೋಷವೆಂದೇ ಎಣಿಸುತ್ತಾರೆ. ರಂಜಾನ್ ಉಪವಾಸದ ಬಗ್ಗೆ ಭಟ್ಕಳದ ಒಬ್ಬ ಗೆಳೆಯ ಹೇಳಿದ್ದು ಮನಸ್ಸಲ್ಲಿ ಉಳಿದಿದೆ. ಬೇಸಿಗೆಯ ಮಧ್ಯಾಹ್ನ, ಗಂಟಲು ಒಣಗಿದೆ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವುಜೂ ಮಾಡುವಾಗ ಬಾಯಿ ಮುಕ್ಕಳಿಸಬೇಕು, ನೀರು ನಾಲಿಗೆ ಮೇಲೆ ಇದೆ. ಒಂದು ಗುಟುಕು ಒಳಗೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಉಗಿಯುತ್ತಾನೆ.

ಗೀತೆ ಕೂಡ ಬಿಟ್ಟಿಲ್ಲ. ಮಾನ, ಸತ್ಕಾರ ಸಿಗಲಿ ಅಂತ ಡಂಭದಿಂದ ಮಾಡುವ ತಪಸ್ಸು ರಾಜಸ, ಅದು ನಿಲ್ಲುವುದಿಲ್ಲ ಅಂತ 17ನೇ ಅಧ್ಯಾಯದಲ್ಲಿ ಇದೆ.

ಹಳೇ ಪದ್ಧತಿ ಬದಲಾಯಿಸಿದರೆ ಅದು ಅಸಲಿ ಅಲ್ಲ ಅಂತಾರೆ. ಹೌದಾ?

ಶಿರಸಿ ಮಾರಿಕಾಂಬೆಯನ್ನು ನೋಡಿ ಮಾತಾಡಿ. ಹಿಂದೆ ಜಾತ್ರೆಯಲ್ಲಿ ಕೋಣನ ಬಲಿ ಇತ್ತು. 1930ರ ದಶಕದಲ್ಲಿ, ಗಾಂಧೀಜಿ ಶಿರಸಿಗೆ ಬಂದ ಸುಮಾರಿಗೆ, ಅದು ನಿಂತಿತು. ಬಲಿ ನಿಂತಿತು ಅಂತ ಅಮ್ಮ ಎದ್ದು ಹೋದಳಾ? ಈಗಲೂ ಎರಡು ವರ್ಷಕ್ಕೊಮ್ಮೆ ರಥದಲ್ಲಿ ಬಿಡಕಿ ಬೈಲಿಗೆ ಬರುತ್ತಾಳೆ, ಗದ್ದುಗೆ ಮೇಲೆ ಕೂರುತ್ತಾಳೆ, ಜನ ಉಡಿ ತುಂಬುತ್ತಾರೆ, ಹರಕೆ ಹೊತ್ತವರು ಬೇವಿನ ಉಡುಗೆ ಸೇವೆ ಮಾಡುತ್ತಾರೆ. ಪಕ್ಕದಲ್ಲೇ ತೊಟ್ಟಿಲು, ಬಳೆ ಅಂಗಡಿ, ನಾಟಕದ ಟೆಂಟು. ಭಕ್ತಿಗೆ ಬಂದವರೂ ಬಳೆ ತಗೊಳ್ಳುತ್ತಾರೆ, ಬಳೆಗೆ ಬಂದವರೂ ಕೈ ಮುಗಿಯುತ್ತಾರೆ. ಇದರಲ್ಲಿ ಅಸಲಿ ಬೇರೆ ನಕಲಿ ಬೇರೆ ಅಂತ ಆರಿಸಲು ಹೊರಟರೆ ಜಾತ್ರೆಯ ಒಂಬತ್ತು ದಿನ ಸಾಲುವುದಿಲ್ಲ.

ಕಾಲಕ್ಕೆ ತಕ್ಕಂತೆ ಬದಲಾಯಿಸಿ, ಆದರೆ ಬದಲಾಯಿಸಿದ್ದೇವೆ ಅಂತ ಹೇಳಿ. ಎರಡು ತಾಸಿನ ಪೂಜೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ "ಶಾಸ್ತ್ರೋಕ್ತವಾಗಿ" ಅಂತ ಆಮಂತ್ರಣದಲ್ಲಿ ಅಚ್ಚು ಹಾಕಿಸುವುದು ಮಾತ್ರ ಬೇಡ.

ಆ್ಯಪ್‌ನಲ್ಲಿ ದಿನದ ಲೆಕ್ಕ ತಪ್ಪಬಾರದು ಅಂತ ಧ್ಯಾನ ಮಾಡುತ್ತೇನೆ. ಪರವಾಗಿಲ್ವಾ?

ಶುರುವಿಗೆ ಪರವಾಗಿಲ್ಲ. ಜ್ವರ ಬಂದ ದಿನವೂ ಸುಮ್ನೆ ಬಟನ್ ಒತ್ತಿ ಲೆಕ್ಕ ಉಳಿಸಿಕೊಳ್ಳುವ ಹಂತಕ್ಕೆ ಬಂದರೆ ಆ್ಯಪ್ ತೆಗೆದುಹಾಕಿ.

ನಾನು ತೋರಿಕೆ ಪೂರ್ತಿ ಬಿಟ್ಟಿದ್ದೇನೆ. ಯಾರಿಗೂ ಏನೂ ಹೇಳುವುದಿಲ್ಲ. ಆದರೆ ಒಳಗೆ "ನಾನು ಉಳಿದವರ ಹಾಗಲ್ಲ" ಅಂತ ಅನ್ನಿಸುತ್ತದೆ. ಇದೂ ತೋರಿಕೆಯಾ?

ಸಿಕ್ಕಿಬಿದ್ದಿರಿ! ಇದು ಈ ಪಟ್ಟಿಯಲ್ಲೇ ಗಟ್ಟಿ ಪ್ರಶ್ನೆ. ಪ್ರೇಕ್ಷಕರನ್ನೆಲ್ಲ ಹೊರಗೆ ಕಳಿಸಿ, ಒಬ್ಬರೇ ಕೂತು ಒಬ್ಬರೇ ಚಪ್ಪಾಳೆ ತಟ್ಟುವುದು.

ನಮ್ಮ ಕಾರವಾರಕ್ಕೂ ಈ ಪ್ರಶ್ನೆಗೂ ಒಂದು ಹಳೇ ನಂಟು ಇದೆ. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ಬಂದು ಉಳಿದಿದ್ದರು, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಬೀಚಿಗೆ ರವೀಂದ್ರನಾಥರ ಹೆಸರು ಇಟ್ಟದ್ದು ಅದಕ್ಕೇ. ಇಲ್ಲಿದ್ದಾಗ ಅವರು ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್'. ಅದರಲ್ಲಿ ಒಬ್ಬ ಸನ್ಯಾಸಿ. ಎಲ್ಲ ಬಂಧ ಕಿತ್ತೆಸೆದೆ, ಲೋಕವನ್ನೇ ಗೆದ್ದೆ ಅಂತ ಗುಹೆಯಿಂದ ಹ್ಯಾಗೆ ಬೀಗುತ್ತ ಬರುತ್ತಾನೆ ಅಂದರೆ, ಜನರನ್ನು ಕಂಡರೆ ಅವನಿಗೆ ಕನಿಕರವೂ ಅಲ್ಲ, ಅಸಡ್ಡೆ. ಅವನ ಬೆನ್ನು ಹತ್ತುವುದು ಯಾರೂ ಮುಟ್ಟಿಸಿಕೊಳ್ಳದ ಒಂದು ಅನಾಥ ಹುಡುಗಿ. ಅವಳ ಮೇಲೆ ಮಮತೆ ಹುಟ್ಟುತ್ತದೆ, ಅವನು ಹೆದರಿ ಓಡುತ್ತಾನೆ. ಆ ವೈರಾಗ್ಯ ಎಷ್ಟು ಗಟ್ಟಿ ಇತ್ತು ಅನ್ನುವುದು ಆಗ ಗೊತ್ತಾಗುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಆ ಬೀಗುವಿಕೆಯನ್ನು ಕಿತ್ತು ಹಾಕಲು ಹೋಗಬೇಡಿ. ಹೋದರೆ "ನಾನು ಅಹಂಕಾರವನ್ನೂ ಗೆದ್ದೆ" ಅಂತ ಇನ್ನೊಂದು ಹುಟ್ಟುತ್ತದೆ. ಬಂತಾ, ಬಂತು ಅಂತ ನೋಡಿ, ಎದ್ದು ಮನೆ ಕೆಲಸಕ್ಕೆ ಕೈ ಹಾಕಿ. ಮನೆಯವರು ನಿಮ್ಮ ಬಗ್ಗೆ ಏನು ಅನ್ನುತ್ತಾರೆ ಅನ್ನುವುದೂ ಒಳ್ಳೆ ಅಳತೆ. ದಿನಾ ಧ್ಯಾನ ಮಾಡುವವರು ಚಾ ತಣ್ಣಗಾಯ್ತು ಅಂತ ಕೂಗಾಡುವುದು ಕಡಿಮೆ ಆಗಿದೆಯಾ? ಅದನ್ನು ಸ್ಟೇಟಸ್‌ಗೆ ಹಾಕಲು ಬರುವುದಿಲ್ಲ ನೋಡಿ.

ಒಳ್ಳೆಯ ಗುರುವನ್ನು ಗುರುತಿಸುವುದು ಹೇಗೆ?

ದುಡ್ಡಿನ ಲೆಕ್ಕ ಕೇಳಿ. ಸಿಟ್ಟು ಬಂದರೆ ಬೇರೆ ಕಡೆ ನೋಡಿ.

ಯಾರಿಗೂ ಹೇಳದೆ, ಸದ್ದಿಲ್ಲದೆ ಏನಾದರೂ ಶುರು ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಸಣ್ಣದನ್ನು ಹಿಡಿಯಿರಿ. ಹತ್ತು ನಿಮಿಷ, ಒಂದೇ ಜಾಗ, ಒಂದೇ ಹೊತ್ತು. ಜಪವೋ, ಉಸಿರು ನೋಡುವುದೋ, ಒಂದು ಪ್ರಾರ್ಥನೆಯೋ, ನಿಮ್ಮ ಮನೆಯಲ್ಲಿ ಮೊದಲಿಂದ ಇರುವುದೇ ಇರಲಿ. ಹೊಸ ಬಟ್ಟೆ, ಹೊಸ ಆಸನ, ಹಿಮಾಲಯದ ಧೂಪ ಏನೂ ಕೊಳ್ಳಬೇಡಿ. ಒಂದು ತಿಂಗಳು ಕಳೆಯುವವರೆಗೆ ಮನೆಯವರ ಹೊರತು ಯಾರಿಗೂ ಹೇಳಬೇಡಿ. ಮನೆಯವರಿಗೆ ಹೇಳಲೇಬೇಕು, ಇಲ್ಲದಿದ್ದರೆ ಕತ್ತಲೆಯಲ್ಲಿ ಕೂತದ್ದು ನೋಡಿ ಹೆದರುತ್ತಾರೆ.

ಒಂದು ದಿನ ತಪ್ಪಿದರೆ ತಪ್ಪಿತು. ಮರುದಿನ ಇಪ್ಪತ್ತು ನಿಮಿಷ ಕೂತು ಸರಿದೂಗಿಸಲು ಹೋಗಬೇಡಿ, ಹತ್ತೇ ಸಾಕು.

ಫೋನ್ ಬೇರೆ ಕೋಣೆಯಲ್ಲಿ ಇಡಿ. ಹೊತ್ತು ನೋಡಲು ಅಲಾರಂ ಗಡಿಯಾರ ಸಾಕು, ಕಾರವಾರ ಪೇಟೆಯಲ್ಲಿ ಈಗಲೂ ಸಿಗುತ್ತದೆ. ಟಿಕ್ ಟಿಕ್ ಸದ್ದು ಜಾಸ್ತಿ ಆದರೆ ಒಂದು ಟವೆಲ್ ಸುತ್ತಿಡಿ.